ಹಳೇ .315 ರೈಫಲ್: ಮರದ ಅಡಿ ನೋಡದೆ ಮುಂಗಡ ಕೊಡಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾರಾದರೂ "ಹಳೇ ಮಿಲಿಟರಿ ರೈಫಲ್ ಒಂದಿದೆ, ಕೊಡ್ತಾರಂತೆ" ಅಂದರೆ ಅದು ಬಹುಮಟ್ಟಿಗೆ ಪಶ್ಚಿಮ ಬಂಗಾಳದ ಈಶಾಪುರ ಸರ್ಕಾರಿ ಕಾರ್ಖಾನೆಯ .315 ಆಗಿರುತ್ತದೆ. ನಿಜವಾದ ಮಿಲಿಟರಿ ರೈಫಲ್ ಅಂದರೆ .303, ನಮ್ಮ ಕಡೆಯವರು 'ತ್ರೀ ನಾಟ್ ತ್ರೀ' ಅನ್ನುವುದು. ಅದು ಖಾಸಗಿಯವರಿಗೆ ನಿಷೇಧಿತ ಬೋರು (ಬೋರು ಅಂದರೆ ನಳಿಗೆಯ ಒಳಗಿನ ಅಗಲ). .303 ಮತ್ತು 7.62 ಮಿಮೀ ಸರ್ವಿಸ್ ತೋಟಾ ಹಿಡಿಯುವ ಬೋಲ್ಟ್ ರೈಫಲ್ ಯಾವುದನ್ನೂ ಸಾಮಾನ್ಯ ಲೈಸೆನ್ಸಿನ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. .315 ಇದರಿಂದ ಹೊರಗೆ. ಬೋರು 8 ಮಿಮೀ, ತೋಟಾ ಬೇರೆ. ಆದರೆ ಮೈಕಟ್ಟು ಅದೇ .303 ಸೈನ್ಯದ ರೈಫಲ್ ಲೀ-ಎನ್‌ಫೀಲ್ಡಿನದು: ಅದೇ ಬೋಲ್ಟ್ (ತೋಟಾ ಒಳಕ್ಕೆ ತಳ್ಳಿ ಹಿಂಬದಿ ಮುಚ್ಚುವ ಉಕ್ಕಿನ ಸರಳು), ಅದೇ ರಿಸೀವರ್ (ಬೋಲ್ಟ್ ಓಡಾಡುವ ಉಕ್ಕಿನ ಗೂಡು), ಎರಡು ತುಂಡಿನ ಮರ. ಹಾಗಾಗಿ ಹಳೇ ಮಿಲಿಟರಿ ರೈಫಲ್ಲನ್ನು ಪರೀಕ್ಷಿಸುವ ಕ್ರಮವೇ ಇದಕ್ಕೂ ನಡೆಯುತ್ತದೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ವಸ್ತುವಾಗಿ ಇದು ಒಳ್ಳೇ ರೈಫಲ್. ಭಾಗಗಳು ಕಡಿಮೆ, ಬೋಲ್ಟ್ ಸಲೀಸು, ಮಣ್ಣು ನೀರು ತಾಗಿದರೂ ಕೆಲಸ ನಿಲ್ಲಿಸುವುದಿಲ್ಲ. ಆದರೆ ಮಲೆನಾಡಿನಲ್ಲಿ ರೈಫಲ್ ಕೆಡುವುದು ಈಡು ಹೊಡೆದು ಅಲ್ಲ, ಇಟ್ಟಲ್ಲೇ. ಇಲ್ಲಿ ಸಿಗುವ ಹೆಚ್ಚಿನ .315ಗಳು ಜೀವಮಾನದಲ್ಲಿ ಹೊಡೆದ ತೋಟಾ ತೀರಾ ಕಡಿಮೆ. ಆದರೆ ಒಂದೊಂದೂ ಮೂವತ್ತು ನಲವತ್ತು ಮಳೆಗಾಲ ಕಂಡಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಮೀ ದಾಟುವ ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆ, ಹಾಸಿಗೆ, ಅಟ್ಟದ ಅಡಿಕೆಚೀಲ ಎಲ್ಲವೂ ಥಂಡಿ ಹಿಡಿದಿರುವ ಮನೆಯಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಉಕ್ಕು ಹೇಗಿದ್ದೀತು? ಚರ್ಮವೇ ತೇವ ಹೀರಿ ಹಿಡಿದುಕೊಳ್ಳುತ್ತದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಸಿಮೆಂಟ್ ನೆಲದ ಮೇಲೆ ತಿಂಗಳುಗಟ್ಟಲೆ ಒಂದಕ್ಕೊಂದು ಒರಗಿ ನಿಂತು ಮರಳಿ ಬಂದ ಕೋವಿಗಳದ್ದೂ ಇದೇ ಕತೆ. ಹೊರಗೆ ಮಾಲೀಕ ಎಣ್ಣೆ ಬಟ್ಟೆಯಲ್ಲಿ ಒರೆಸಿರುತ್ತಾನೆ. ಒಳಗೆ ಯಾರೂ ನೋಡಿರುವುದಿಲ್ಲ. ಆದ್ದರಿಂದ ಕೊಳ್ಳುವವರ ಕಣ್ಣು ಹೋಗಬೇಕಾದದ್ದು ಕಾಣದ ಜಾಗಕ್ಕೆ.

ನೋಡಲು ಹೋಗುವಾಗ ಒಳ್ಳೇ ಟಾರ್ಚ್, ಬಿಳಿ ಹತ್ತಿಬಟ್ಟೆಯ ನಾಲ್ಕಾರು ತುಂಡು, ಸ್ವಲ್ಪ ಸೀಮೆಎಣ್ಣೆ, ಹಿತ್ತಾಳೆ ಅಥವಾ ಮರದ ಸಲಾಕೆ, ತಿರುಪಿನ ಸೀಳಿಗೆ ಬಿಗಿಯಾಗಿ ಕೂರುವ ಸ್ಕ್ರೂಡ್ರೈವರ್, ಮದ್ದಿಲ್ಲದ ಎರಡು ಡಮ್ಮಿ ತೋಟಾ ಇರಲಿ. ಜೀವಂತ ತೋಟಾ ಇಟ್ಟು ಯಾವ ಪರೀಕ್ಷೆಯನ್ನೂ ಅಂಗಡಿಯಲ್ಲಾಗಲಿ ಮನೆ ಜಗಲಿಯಲ್ಲಾಗಲಿ ಮಾಡಬಾರದು. ಕೋವಿ ಕೈಗೆ ಬಂದ ಕೂಡಲೇ ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆಳೆಯಿರಿ, ಕಿರುಬೆರಳು ಚೇಂಬರಿಗೆ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ತೂರಿಸಿ ಖಾಲಿ ಎಂದು ಮುಟ್ಟಿ ನೋಡಿ. ಕೊಡುವವರು "ಖಾಲಿ ಇದೆ" ಅಂದದ್ದು ಲೆಕ್ಕಕ್ಕಿಲ್ಲ.

ಮೊದಲು ನಂಬರು. ರಿಸೀವರ್, ನಳಿಗೆ, ಬೋಲ್ಟಿನ ಹಿಡಿಕೆಯ ಬುಡ, ಈ ಮೂರರ ನಂಬರ್ ಒಂದೇ ಆಗಿರಬೇಕು, ಲೈಸೆನ್ಸ್ ಪುಸ್ತಕದಲ್ಲಿ ಬರೆದದ್ದಕ್ಕೂ ಹೊಂದಬೇಕು. ಬೋಲ್ಟಿನ ನಂಬರ್ ಬೇರೆಯಾಗಿದ್ದರೆ ಅದು ಬೇರೆ ರೈಫಲಿನ ಬೋಲ್ಟ್. ಲೀ-ಎನ್‌ಫೀಲ್ಡಿನಲ್ಲಿ ಬೋಲ್ಟ್ ತಡೆಯುವುದು ಹಿಂಭಾಗದಲ್ಲಿ: ಎಡಕ್ಕೊಂದು ಗಿಡ್ಡ ಕಿವಿ, ಬಲಕ್ಕೊಂದು ಉದ್ದ ಏಣು. ಎರಡೂ ಆಯಾ ರಿಸೀವರಿಗೆ ಅರದಿಂದ ಸವರಿ ಕೂರಿಸಿದವು. ಬೇರೆಯದನ್ನು ತಂದು ಹಾಕಿದರೆ ಒಂದೇ ಕಡೆ ಭಾರ ಬೀಳುತ್ತದೆ. ನೋಡುವುದು ಹೇಗೆಂದರೆ, ಬೋಲ್ಟ್ ಹೊರತೆಗೆದು ಕಿವಿ ಮತ್ತು ಏಣಿನ ಹಿಂಬದಿಯನ್ನು ಬೆಳಕಿಗೆ ಹಿಡಿಯಿರಿ. ಉಜ್ಜಿ ಹೊಳೆಯುವ ಮಚ್ಚೆ ಎರಡರ ಮೇಲೂ ಇರಬೇಕು. ಒಂದು ಹೊಳೆದು ಇನ್ನೊಂದು ಕಪ್ಪಾಗೇ ಇದ್ದರೆ ಒದೆತವೆಲ್ಲ ಒಂದೇ ಕಿವಿಯ ಮೇಲೆ ಬೀಳುತ್ತಿದೆ ಎಂದರ್ಥ.

ನಂಬರ್ ಉಜ್ಜಿದ, ಮತ್ತೆ ಹೊಡೆದ ಗುರುತಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಅಳಿಸಿದ ನಂಬರಿನ ಕೋವಿ ಯಾರ ಕೈಯಲ್ಲಿ ಸಿಕ್ಕಿತೋ ಅವರೇ ಅಳಿಸಿದರೆಂದು 1959ರ ಶಸ್ತ್ರ ಕಾಯ್ದೆ ಎಣಿಸುತ್ತದೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಇಟ್ಟುಕೊಂಡವರದು. ಬೋಲ್ಟ್ ಹಿಡಿಕೆಯ ಕೆಳಗಿನ ಪಟ್ಟಿಯ ಮೇಲೆ ಕಿರೀಟ, 'ಜಿಆರ್‌ಐ', 'ಈಶಾಪುರ್', ಇಸವಿ, 'ಎಸ್‌ಎಚ್‌ಟಿ ಎಲ್‌ಇ' ಎಂಬ ಅಕ್ಷರಗಳು ಕಂಡರೆ ಅದು ಬ್ರಿಟಿಷರ ಕಾಲದ ಸೈನ್ಯದ ರೈಫಲ್. ಸ್ವಾತಂತ್ರ್ಯದ ನಂತರದವಕ್ಕೆ ಅಶೋಕ ಸಿಂಹ. ಅಂಥದ್ದನ್ನು '.315' ಎಂದು ತೋರಿಸಿದರೆ ನಳಿಗೆಯ ಮೇಲಿನ ಬೋರಿನ ಮುದ್ರೆ ನೋಡದೆ ಮುಂದುವರಿಯಬೇಡಿ. 'ಡಿಪಿ' ಮುದ್ರೆ ಇದ್ದರೆ ಅದು ಕವಾಯತಿಗೆಂದು ಮೀಸಲಿಟ್ಟದ್ದು, ಈಡು ಹೊಡೆಯಲು ಯೋಗ್ಯವಲ್ಲ.

ಅಕ್ಷರಗಳ ಅಂಚನ್ನೂ ಗಮನಿಸಿ. ಹೊಸದಾಗಿ ಕಪ್ಪು ಹಾಕಿಸಿದ ಕೋವಿ ದೂರಕ್ಕೆ ಚೆಂದ. ಆದರೆ ತುಕ್ಕಿನ ಗುಳಿ ಮುಚ್ಚಲು ಬಫ್ ಹಿಡಿದಿದ್ದರೆ ಮುದ್ರೆಯ ಅಕ್ಷರಗಳು ಸವೆದು ಮಸುಕಾಗಿರುತ್ತವೆ, ಚೂಪಾಗಿರಬೇಕಾದ ಏಣುಗಳು ದುಂಡಗಾಗಿರುತ್ತವೆ, ತಿರುಪಿನ ತೂತಿನ ಬಾಯಿ ಬಟ್ಟಲಿನಂತೆ ಅಗಲವಾಗಿರುತ್ತದೆ. ಬಣ್ಣ ಮಾಸಿ ಬೂದುಗಟ್ಟಿದ, ಆದರೆ ಅಕ್ಷರ ಚೂಪಾಗಿರುವ ರೈಫಲ್ಲೇ ಇದಕ್ಕಿಂತ ಮೇಲು. ಆಯುಧಪೂಜೆಯಲ್ಲಿ ನೀರು ಬೆರೆಸಿ ಹಚ್ಚಿದ ಗಂಧ ಕುಂಕುಮವನ್ನು ಒರೆಸದೆ ಬಿಟ್ಟ ಕೋವಿಗಳಲ್ಲಿ ರಿಸೀವರಿನ ಮೇಲೆ ಮತ್ತು ನಳಿಗೆಯ ಬುಡದಲ್ಲಿ ಬೆರಳಗಲದ ಗುಳಿ ಮಚ್ಚೆ ಇರುತ್ತದೆ. ಹೊರಮೈಯ ಇಂಥ ಮಚ್ಚೆ ರೂಪಕ್ಕೆ ಕುಂದು, ಬಲಕ್ಕಲ್ಲ.

ಈಗ ಮರ ಬಿಚ್ಚುವ ಕೆಲಸ. ಇಲ್ಲೇ ಬಹಳ ಮಂದಿ ಎಡವುತ್ತಾರೆ, ಅಂಗಡಿಯವರೂ "ಅದೆಲ್ಲ ಯಾಕೆ" ಅನ್ನುತ್ತಾರೆ. ಬಿಚ್ಚಲು ಒಪ್ಪದವರಿಂದ ಕೊಳ್ಳಬೇಡಿ, ಅಷ್ಟೆ. ಮುಂದಿನ ಪಟ್ಟಿಗಳು, ಟ್ರಿಗರ್ ಗಾರ್ಡಿನ ಮುಂದಿನ ಮತ್ತು ಹಿಂದಿನ ತಿರುಪು ತೆಗೆದರೆ ಮುಂಭಾಗದ ಮರ ಕೆಳಕ್ಕೆ ಇಳಿಯುತ್ತದೆ. ತುದಿಯನ್ನಷ್ಟೇ ಹಿಡಿದು ಕೀಳದೆ ಉದ್ದಕ್ಕೂ ಸಮವಾಗಿ ಇಳಿಸಬೇಕು. ಯಾವ ಕಾರಣಕ್ಕೂ ಹಿಂದಿನ ಬಟ್ಟನ್ನು (ಹೆಗಲಿಗೆ ಒತ್ತುವ ಮರ) ಹಿಡಿದಿರುವ ಉದ್ದ ತಿರುಪು-ಬೋಲ್ಟನ್ನು ಮೊದಲು ತಿರುಗಿಸಬೇಡಿ. ಎಸ್‌ಎಂಎಲ್‌ಇ (ಗಿಡ್ಡ ಲೀ-ಎನ್‌ಫೀಲ್ಡ್) ಮಾದರಿಯಲ್ಲಿ ಆ ತಿರುಪು-ಬೋಲ್ಟಿನ ಚೌಕ ತುದಿ ಮುಂಭಾಗದ ಮರದೊಳಗಿನ ತಗಡಿನ ಕಚ್ಚಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ಇರುವಾಗಲೇ ಅದನ್ನು ತಿರುಗಿಸಿದರೆ ಚೌಕ ತಿರುಗಿ ಮರವನ್ನು ಹಿಂಬದಿಯಿಂದ ಸೀಳುತ್ತದೆ. ಮಾರುಕಟ್ಟೆಯಲ್ಲಿ ಕಾಣುವ ಎಷ್ಟೋ ಸೀಳಿದ ಮರಗಳಿಗೆ ಕಾರಣ ಒದೆತವಲ್ಲ, ಈ ತಪ್ಪು.

ಮರ ಇಳಿದ ಮೇಲೆ ನಳಿಗೆಯ ಅಡಿಭಾಗ ನೋಡಿ. ಮರ ಮತ್ತು ಉಕ್ಕು ಕೂಡುವ ಗೆರೆಯುದ್ದಕ್ಕೂ ಮಳೆನೀರು ಇಳಿದು ನಿಲ್ಲುವುದರಿಂದ ತುಕ್ಕಿನ ಆರಂಭ ಅಲ್ಲೇ. ತೆಳ್ಳಗಿನ ಕೆಂಪು ಹುಡಿ ಬಟ್ಟೆಗೆ ಬಂದು, ಅಡಿಯಲ್ಲಿ ಉಕ್ಕು ನುಣ್ಣಗಿದ್ದರೆ ಚಿಂತೆಯಿಲ್ಲ, ಎಣ್ಣೆಯಲ್ಲಿ ಹೋಗುತ್ತದೆ. ಉಗುರು ಎಳೆದಾಗ ತಡೆಯುವ ಗುಳಿಗಳಿದ್ದರೆ ಎಲ್ಲಿವೆ ಎಂಬುದು ಮುಖ್ಯ. ನಳಿಗೆಯ ಮಧ್ಯದಲ್ಲಿ ಅಲ್ಲಲ್ಲಿ ಇದ್ದರೆ ಬೆಲೆ ಇಳಿಸಿ ಕೇಳಬಹುದು. ಚೇಂಬರಿನ ಸುತ್ತ, ಅಂದರೆ ರಿಸೀವರಿನಿಂದ ಮುಂದಕ್ಕೆ ಮೂರು ಇಂಚಿನೊಳಗೆ ಆಳದ ಗುಳಿಗಳಿದ್ದರೆ ಬೇಡ. ಒತ್ತಡವೆಲ್ಲ ತಡೆಯುವ ಜಾಗ ಅದು.

ಮರದ ಒಳಭಾಗವನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ಒದೆತ ಉಕ್ಕಿನಿಂದ ಮರಕ್ಕೆ ದಾಟುವುದು ರಿಸೀವರಿನ ಹಿಂಬದಿ ಎರಡೂ ಪಕ್ಕ ಇರುವ ಪುಟ್ಟ ಮೂಲೆಗಳ ಮೇಲೆ, ಒಂದೊಂದೂ ಬೆರಳುಗುರಿನಷ್ಟು ಅಗಲ. ಆ ಮೂಲೆಗಳು ಗಟ್ಟಿಯಾಗಿ, ಚೂಪಾಗಿ, ಉಕ್ಕಿಗೆ ಸಮವಾಗಿ ತಾಗುತ್ತಿರಬೇಕು. ವರ್ಷಾನುಗಟ್ಟಲೆ ಎಣ್ಣೆ ಸುರಿದು ನೇತುಹಾಕಿದ ರೈಫಲಿನಲ್ಲಿ ಎಣ್ಣೆ ಇಳಿದು ಇದೇ ಮೂಲೆಗಳಲ್ಲಿ ಸೇರಿ ಮರ ಕಪ್ಪಾಗಿ ಮೆತ್ತಗಾಗಿರುತ್ತದೆ. ಉಗುರು ಒತ್ತಿದರೆ ಗುರುತು ಬೀಳುತ್ತದೆ. ಅಂಥ ಮರ ಪ್ರತಿ ಈಡಿಗೂ ಕೂದಲೆಳೆಯಷ್ಟು ಕುಗ್ಗುತ್ತದೆ. ಮೊದಲು ಗುರಿ ಅಲೆಯುತ್ತದೆ, ಆಮೇಲೆ ಬೋಲ್ಟಿನ ಹಿಂದೆ ಮರ ಸೀಳುತ್ತದೆ. ಮೂಲೆಗಳಷ್ಟೇ ಕೆಟ್ಟಿದ್ದರೆ ಒಳ್ಳೇ ಕೋವಿ ರಿಪೇರಿಯವರು ಹೊಸ ಗಟ್ಟಿಮರ ಕೂರಿಸಿ ಸರಿಮಾಡುತ್ತಾರೆ. ಈಶಾಪುರದ ಸೈನ್ಯದ ರೈಫಲ್‌ಗಳಲ್ಲಿ ಮರದ ಮಧ್ಯೆ ಅಡ್ಡಲಾಗಿ ಒಂದು ತಿರುಪು ಹಾಯಿಸಿರುವುದು ಕಾಣುತ್ತದೆ. ಅದು ಸೀಳದಿರಲೆಂದು ಕೊಟ್ಟ ಬಲ, ರಿಪೇರಿಯ ಗುರುತಲ್ಲ, ಹೆದರಬೇಕಿಲ್ಲ. ಬಿಚ್ಚಿದಾಗ ಮುಂದಿನ ತಿರುಪಿನ ಸುತ್ತ ಒಂದು ಪುಟ್ಟ ಉಕ್ಕಿನ ಬುಷ್ ಇದೆಯೇ ನೋಡಿಕೊಳ್ಳಿ. ಯಾರೋ ಕಳೆದುಹಾಕಿದ್ದರೆ ತಿರುಪು ಬಿಗಿಸಿದಷ್ಟೂ ಮರ ಜಜ್ಜಿಹೋಗುತ್ತದೆ, ಗಾರ್ಡ್ ಬಾಗುತ್ತದೆ. ಬಚ್ಚಲೊಲೆಯ ಮೇಲೆ ತೂಗುಹಾಕಿದ ಕೋವಿಯ ಮರ ತದ್ವಿರುದ್ಧ: ಒಣಗಿ ಕುಗ್ಗಿ, ಹಿಡಿಯ ಕುತ್ತಿಗೆಯಲ್ಲಿ ಉದ್ದನೆಯ ಬಿರುಕು ಬಿಟ್ಟಿರುತ್ತದೆ. ಕುತ್ತಿಗೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ. ಬಿರುಕಿದ್ದರೆ ಬಾಯಿ ಬಿಡುತ್ತದೆ.

ನಳಿಗೆಯ ಒಳಗನ್ನು ಎಣ್ಣೆ ಇರುವಾಗ ನೋಡಿದರೆ ಏನೂ ತಿಳಿಯುವುದಿಲ್ಲ. ಎಣ್ಣೆ ಎಲ್ಲ ಗುಳಿಯನ್ನೂ ತುಂಬಿ ಕನ್ನಡಿಯಂತೆ ತೋರಿಸುತ್ತದೆ. ಬೋಲ್ಟ್ ತೆಗೆಯಿರಿ: ಹಿಡಿಕೆ ಎತ್ತಿ, ಹಿಂದಕ್ಕೆ ಎಳೆದು, ಬೋಲ್ಟ್ ತಲೆಯನ್ನು ಬಲಗಡೆಯ ಸ್ಪ್ರಿಂಗಿನಿಂದ ಮೇಲಕ್ಕೆ ಹಾರಿಸಿದರೆ ಹೊರಬರುತ್ತದೆ. ಆಮೇಲೆ ಸೀಮೆಎಣ್ಣೆ ಬಟ್ಟೆ ಎರಡು ಸಲ, ಒಣಬಟ್ಟೆ ಎರಡು ಸಲ, ಚೇಂಬರಿನ ಕಡೆಯಿಂದ ತಳ್ಳಿ. ಹೊರಬಂದ ಬಟ್ಟೆಯೇ ಅರ್ಧ ಕತೆ ಹೇಳುತ್ತದೆ. ಕಪ್ಪು ಬಂದರೆ ಮಸಿ, ಹಸಿರು ಬಂದರೆ ಗುಂಡಿನ ತಾಮ್ರ, ಕೆಂಪು ಬಂದರೆ ತುಕ್ಕು. ಎರಡನೇ ಒಣಬಟ್ಟೆಯಲ್ಲೂ ಕೆಂಪೇ ಬರುತ್ತಿದ್ದರೆ ಒಳಗೆ ಇನ್ನೂ ತಿನ್ನುತ್ತಲೇ ಇದೆ.

ಈಗ ಚೇಂಬರಿನ ಕಡೆ ಬಿಳಿ ಕಾಗದವಿಟ್ಟು ಅದರ ಮೇಲೆ ಟಾರ್ಚ್ ಬಿಟ್ಟು, ನಳಿಗೆಯ ಬಾಯಿಯ ಕಡೆಯಿಂದ ನೋಡಿ. ಗುಂಡನ್ನು ತಿರುಗಿಸಲು ಒಳಗೆ ಕೊರೆದ ಸುರುಳಿ ಗೆರೆಗಳ ದಿಣ್ಣೆಯ ಅಂಚು ಕೊನೆಯವರೆಗೂ ಚೂಪಾಗಿ ಕಾಣಬೇಕು. ತಗ್ಗಿನಲ್ಲಿ ಸ್ವಲ್ಪ ಮಬ್ಬಿದ್ದರೆ ಗುರಿಗೆ ಅಂಥ ತೊಂದರೆಯಿಲ್ಲ, ತಾಮ್ರ ಬೇಗ ಕಟ್ಟುತ್ತದೆ, ಹೆಚ್ಚು ತೊಳೆಯಬೇಕಾಗುತ್ತದೆ ಅಷ್ಟೆ. ದಿಣ್ಣೆಗಳೇ ಕೊರೆದುಹೋಗಿದ್ದರೆ ಮಾತ್ರ ಬಿಡಿ. ಹಳೇ ಮಿಲಿಟರಿ ತೋಟಾಗಳ ಕ್ಯಾಪಿನಲ್ಲಿ (ಪಿನ್ನು ಹೊಡೆದಾಗ ಸಿಡಿಯುವ ಬುಡದ ಬಿಲ್ಲೆ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ಗಾಳಿಯ ತೇವ ಎಳೆಯುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ಕರಗುವುದು ನೀರಿಗೆ. ಅದಕ್ಕೇ ಹಿಂದೆ ಸೈನ್ಯದಲ್ಲಿ ಈಡು ಹೊಡೆದ ಮೇಲೆ ನಳಿಗೆಗೆ ಕುದಿನೀರು ಹೊಯ್ದು ಒಣಗಿಸಿ ಎಣ್ಣೆ ಹಾಕುತ್ತಿದ್ದರು. ಅಂಥ ತೋಟಾ ಹೊಡೆದು ಬರೀ ಎಣ್ಣೆ ಒರೆಸಿ ಮಳೆಗಾಲಕ್ಕೆ ಇಟ್ಟ ರೈಫಲಿನಲ್ಲಿ ಉಪ್ಪು ಎಣ್ಣೆಯ ಅಡಿಯಲ್ಲೇ ಕೂತು ಕೆಲಸ ಮಾಡಿರುತ್ತದೆ, ಚೇಂಬರಿನ ಮುಂದಿನ ಕೆಲವು ಇಂಚಿನಲ್ಲಿ ಹೆಚ್ಚಾಗಿ.

ಬಾಯಿಯ ಕೊನೆ ಇಂಚನ್ನು ಬೇರೆಯಾಗಿಯೇ ನೋಡಬೇಕು. ಸೈನ್ಯದ ರೈಫಲಿನ ಬಟ್ಟಿನೊಳಗೆ ಹಿತ್ತಾಳೆಯ ಎಣ್ಣೆಡಬ್ಬಿಯ ಜೊತೆ ನಳಿಗೆ ಒರೆಸಲು ಭಾರ ಕಟ್ಟಿದ ಹಗ್ಗ ಇರುತ್ತಿತ್ತು. ಅದೇ ಅಭ್ಯಾಸ .315 ಇಟ್ಟುಕೊಂಡವರಿಗೂ ಬಂತು. ಹಗ್ಗವನ್ನು ನೇರ ಎಳೆಯದೆ ಓರೆಯಾಗಿ ಎಳೆದರೆ, ಅದಕ್ಕೆ ಹತ್ತಿದ ಮಣ್ಣು ಅರದಂತೆ ಬಾಯಿಯ ಒಂದು ಪಕ್ಕವನ್ನು ತಿನ್ನುತ್ತದೆ. ಮೇಲಿನಿಂದ ನೋಡಿದರೆ ದುಂಡಗಿರಬೇಕಾದ ಬಾಯಿ ಒಂದು ಕಡೆ ಮೊಟ್ಟೆಯಂತೆ ಚಾಚಿರುತ್ತದೆ, ಆ ಪಕ್ಕದ ದಿಣ್ಣೆ ಕೊನೆ ಅರ್ಧ ಇಂಚಿನಲ್ಲಿ ಮಾಯವಾಗಿರುತ್ತದೆ. ಗುಂಡು ಬಿಟ್ಟು ಹೋಗುವ ಕೊನೇ ಜಾಗ ಅದಾದ್ದರಿಂದ ಒಳಗೆಲ್ಲ ಬಂಗಾರದಂತಿದ್ದರೂ ಈ ರೈಫಲ್ ಗುರಿಗೆ ಹೊಡೆಯುವುದಿಲ್ಲ. ಡಮ್ಮಿ ತೋಟಾದ ಗುಂಡನ್ನು ಬಾಯಿಗೆ ಇಳಿಬಿಟ್ಟು ನೋಡಿ. ಸ್ವಲ್ಪ ದೂರ ಹೋಗಿ ನಿಲ್ಲಬೇಕು. ಹಿತ್ತಾಳೆ ಕೇಸಿನ ಕುತ್ತಿಗೆ ತಾಗುವವರೆಗೂ ಸಡಿಲವಾಗಿ ಇಳಿದರೆ, ಪಕ್ಕಕ್ಕೆ ಅಲ್ಲಾಡಿದರೆ ಬಾಯಿ ಸವೆದಿದೆ.

ನಳಿಗೆಯೊಳಗೆ ಕಪ್ಪು ಉಂಗುರದಂತೆ ನೆರಳು ಕಂಡರೆ ಅಲ್ಲಿ ಉಬ್ಬಿದೆ. ಹೊರಗಿನಿಂದ ಎಣ್ಣೆಬೆರಳಲ್ಲಿ ಸವರಿದರೆ ಕೆಲವೊಮ್ಮೆ ಕೈಗೂ ಸಿಗುತ್ತದೆ. ಬಾಯಿ ಮುಚ್ಚದೆ ಗೋಡೆಗೆ ತೂಗಿಸಿದ ಕೋವಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ. ನೋಡದೆ ಈಡು ಹೊಡೆದರೆ ಉಬ್ಬುವುದು ಹೀಗೆ. ಒಳಗೆ ಮರೆತುಬಿಟ್ಟ ಎಣ್ಣೆಬಟ್ಟೆಯೂ ಇದನ್ನೇ ಮಾಡುತ್ತದೆ. ಬಾಗಿದ ನಳಿಗೆ ಹಿಡಿಯಲು ನಮ್ಮ ಹಳೇ ಮನೆಯ ಕಿಟಕಿ ಸಾಕು: ಅಡ್ಡ ಸರಳಿಗೆ ನಳಿಗೆ ಹಿಡಿದು ನೋಡಿದರೆ ಸರಳಿನ ನೆರಳು ಒಳಗೋಡೆಯ ಮೇಲೆ ನೇರ ಗೆರೆಯಾಗಿ ಓಡಬೇಕು. ನಳಿಗೆ ಸುತ್ತಿಸುತ್ತಾ ಹೋದಾಗ ಎಲ್ಲಾದರೂ ಗೆರೆ ಮುರಿದರೆ ಅಲ್ಲಿ ಬಾಗಿದೆ.

ಹೆಡ್‌ಸ್ಪೇಸ್ ಅಂದರೆ ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟಾದ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ. .303ಕ್ಕೆ ಇದು 0.064 ಇಂಚಿಗಿಂತ ಕಡಿಮೆ, 0.074 ಇಂಚಿಗಿಂತ ಹೆಚ್ಚು ಇರಬಾರದು. ಈ ಅಂಕಿ ಕೇಳಿಕೊಂಡು .303ರ ಗೇಜನ್ನೇ .315ಕ್ಕೆ ಹಾಕುವವರಿದ್ದಾರೆ, ಅದು ತಪ್ಪು, ತೋಟಾ ಬೇರೆ ಗೇಜೂ ಬೇರೆ. ಆ ಬೋರಿನ ಗೇಜಿರುವ ಕೋವಿ ರಿಪೇರಿಯವರಿಂದಲೇ ಅಳತೆ ಮಾಡಿಸಿ. ಅಂತರ ಹೆಚ್ಚಿದ್ದ ರೈಫಲಿನಲ್ಲಿ ಹೊಡೆದ ಖಾಲಿ ಕೇಸು ತಾನೇ ಸಾಕ್ಷಿ ಹೇಳುತ್ತದೆ. ಬುಡದ ಅಂಚಿನಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರ, ತಂತಿಯ ತುದಿ ಬಾಗಿಸಿ ಒಳಗೆ ಕೆರೆದರೆ ಅಲ್ಲೇ ಸಿಗುವ ತಗ್ಗು. ಹಿತ್ತಾಳೆ ಎಳೆದುಕೊಂಡು ತೆಳುವಾಗಿ, ಮುಂದೊಂದು ದಿನ ಬುಡ ಕಳಚಿ ಬಿಸಿಗಾಳಿ ಹಿಂದಕ್ಕೆ ಮುಖಕ್ಕೆ ಬರುವ ಮುನ್ಸೂಚನೆ ಅದು.

ಬೋಲ್ಟಿನೊಳಗಿನ ಪಿನ್ನು ಮುಖದಿಂದ ಸುಮಾರು 1 ಮಿಮೀ ಹೊರಗೆ, ದುಂಡು ತುದಿಯಾಗಿ ಬರಬೇಕು. ಚೂಪಾಗಿದ್ದರೆ ಕ್ಯಾಪು ತೂತಾಗುತ್ತದೆ. ಇಲ್ಲಿ ನಮ್ಮ ಕಡೆಯದೇ ಒಂದು ರೋಗವಿದೆ. ಕೊಬ್ಬರಿ ಎಣ್ಣೆ ಹಾಕುವ ಅಭ್ಯಾಸ. ಅದು ಕ್ರಮೇಣ ಅಂಟಾಗುತ್ತದೆ, ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗಿನ ಚಳಿಗೆ ಬೋಲ್ಟಿನೊಳಗೆ ಅದು ಬೆಣ್ಣೆಯಂತೆ ನಿಂತು ಪಿನ್ನಿನ ಹೊಡೆತ ನಿಧಾನವಾಗಿ, ಕ್ಯಾಪಿನ ಮೇಲೆ ಸಣ್ಣ ಗುಳಿ ಬಿದ್ದು ಈಡು ಹಾರುವುದಿಲ್ಲ. "ಸ್ಪ್ರಿಂಗ್ ಹೋಗಿದೆ" ಎಂದು ಅಗ್ಗಕ್ಕೆ ಮಾರುವ ರೈಫಲಿನಲ್ಲಿ ಹಲವು ಸಲ ಹೋಗಿರುವುದು ಸ್ಪ್ರಿಂಗಲ್ಲ. ಬೋಲ್ಟ್ ಬಿಚ್ಚಿಸಿ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ನೋಡಿ.

ಟ್ರಿಗರ್ ಎರಡು ಹಂತದ್ದು. ಸೈನ್ಯದ ಅಳತೆಯಲ್ಲಿ ಮೊದಲ ಎಳೆತ 3ರಿಂದ 4 ಪೌಂಡ್, ಎರಡನೆಯದು 5ರಿಂದ 6 ಪೌಂಡ್. ಒಂದೇ ಎಳೆತಕ್ಕೆ ಹಾರಿದರೆ ಯಾರೋ ಅರ ಹಿಡಿದಿದ್ದಾರೆ. ಖಾಲಿ ಕೋವಿಯ ಕುದುರೆ (ಬೋಲ್ಟಿನ ಹಿಂದೆ, ಪಿನ್ನಿಗೆ ಜೋಡಿಸಿದ ತುಂಡು) ಏರಿಸಿ, ಬಟ್ಟನ್ನು ರಬ್ಬರ್ ಚಾಪೆಯ ಮೇಲೆ ಒಂದೆರಡು ಸಲ ಗಟ್ಟಿಯಾಗಿ ಕುಟ್ಟಿ. ಬೋಲ್ಟನ್ನು ರಭಸದಿಂದ ಮುಚ್ಚಿ ನೋಡಿ. ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆಯಿರಿ. ಇದರಲ್ಲಿ ಯಾವಾಗಲಾದರೂ ಕುದುರೆ ಬಿದ್ದರೆ ಆ ರೈಫಲ್ ಮನೆಗೆ ತರುವಂಥದ್ದಲ್ಲ. ಮ್ಯಾಗಜೀನಿನ ತುಟಿ ಬಾಗಿರದೆ ಡಮ್ಮಿ ತೋಟಾ ಸಲೀಸಾಗಿ ಏರಿ ಹೊರಗೂ ಎಸೆಯಲ್ಪಟ್ಟರೆ ಸಾಕು. ಹಿಂದಿನ ಸೈಟಿನ ಸಡಿಲ, ಬಟ್ಟಿನ ತಗಡಿನ ತುಕ್ಕು, ಬೆಲ್ಟಿನ ಕೊಕ್ಕೆ, ಇವೆಲ್ಲ ಚಿಲ್ಲರೆ.

ಸಾಧ್ಯವಾದರೆ ಅನುಮತಿಯಿರುವ ರೇಂಜಿನಲ್ಲಿ ಐದು ತೋಟಾ ಹೊಡೆಸಿ ನೋಡುವುದು ಒಳ್ಳೆಯದು, ಮೊದಲನೆಯದನ್ನು ಕೋವಿ ಕಟ್ಟಿ ದೂರದಿಂದ ದಾರ ಎಳೆದು. ಸೈನ್ಯದ ಲೀ-ಎನ್‌ಫೀಲ್ಡ್ ಕಾರ್ಖಾನೆಯಿಂದ ಹೊರಬೀಳಬೇಕಾದರೆ 100 ಅಡಿಗೆ ಐದರಲ್ಲಿ ನಾಲ್ಕು ಗುಂಡು 1 ಇಂಚು ಅಗಲ, ಒಂದೂವರೆ ಇಂಚು ಎತ್ತರದ ಆಯತದೊಳಗೆ ಬೀಳಬೇಕಿತ್ತು. ಹಳೇ .315 ಅದರ ಎರಡರಷ್ಟರೊಳಗೆ ಹೊಡೆದರೆ ತೃಪ್ತಿಯಿಂದ ಕೊಳ್ಳಬಹುದು.

ಕಾಗದದ ಕೆಲಸ ಕೋವಿ ಒಪ್ಪಿಗೆಯಾದ ಮೇಲೆ ಅಲ್ಲ, ಮೊದಲೇ. ಅಡಿಕೆ ಬಾಳೆ ತೋಟದ ಬೆಳೆ ರಕ್ಷಣೆಯ ಲೈಸೆನ್ಸ್ ಸಾಮಾನ್ಯವಾಗಿ ಕೇಪಿನ ಕೋವಿಗೋ ನಯನಳಿಗೆಯ (ಸುರುಳಿ ಗೆರೆಯಿಲ್ಲದ) ತೋಟಾ ಕೋವಿಗೋ ಇರುತ್ತದೆ. ರೈಫಲಿಗೆ ಅದು ನಡೆಯುವುದಿಲ್ಲ, ಡಿಸಿ ಆಫೀಸಿನಲ್ಲಿ ಬೇರೆಯೇ ಅನುಮತಿ ಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಕೋವಿ, ಅಜ್ಜನ ಜೋಡುನಳಿಗೆಯೂ ಲೆಕ್ಕಕ್ಕೆ ಬರುತ್ತದೆ. ಲೈಸೆನ್ಸುದಾರರಿಂದ ನೇರ ಕೊಳ್ಳುವುದಾದರೆ ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಳೆದಿರಬೇಕು. ರೈಫಲ್ ಕೈಗೆ ಬಂತೆಂದು ಕಾಡಿಗೆ ನುಗ್ಗುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ.

ಆ 45 ದಿನ ರೈಫಲ್ ಮಾರುವವರ ಮನೆಯಲ್ಲೇ ಇರುತ್ತದಲ್ಲ, ಮಳೆಗಾಲವಾದರೆ ಚರ್ಮದ ಚೀಲದಿಂದ ತೆಗೆಸಿ, ಮರದ ಅಡಿಗೆ ತೆಳ್ಳಗೆ ಗ್ರೀಸ್ ಹಚ್ಚಿಸಿ, ಬಾಯಿ ಕೆಳಗಾಗಿ ನಿಲ್ಲಿಸಲು ಹೇಳಿ. ಕೈಗೆ ತೆಗೆದುಕೊಳ್ಳುವ ದಿನ ಮುಂದಿನ ಮರವನ್ನು ಇನ್ನೊಮ್ಮೆ ಬಿಚ್ಚಿ ನೋಡಿಯೇ ಉಳಿದ ಹಣ ಕೊಡಿ.